ಮೂರು ವರ್ಷ ಮ್ಯಾಕ್ ಫಿಲ್ಟರ್ ಬಳಸಿದ ಮೇಲೆ: ಐದಕ್ಕೆ ಮೂರು ಸ್ಟಾರ್

ನಮ್ಮದು ಏಳು ಜನರ ಆಡಿಟರ್ ಆಫೀಸು. ಲೆಕ್ಕ ಬರೆಯೋ ಟ್ಯಾಲಿ ಸಾಫ್ಟ್‌ವೇರ್‌ನ ಡೇಟಾ ಎಲ್ಲಾ ಒಂದೇ ಕಂಪ್ಯೂಟರ್‌ನಲ್ಲಿ, ಪ್ರಿಂಟರ್ ಕೂಡ ಎಲ್ಲರಿಗೂ ಒಂದೇ. ವೈಫೈ ಪಾಸ್‌ವರ್ಡ್ ಮಾತ್ರ ಊರಿಗೆಲ್ಲ ಗೊತ್ತು. ಫೈಲ್ ಕೊಡೋಕೆ ಬಂದ ಕ್ಲೈಂಟುಗಳು ಕೂತು ಕ್ರಿಕೆಟ್ ನೋಡಿ ಹೋಗುತ್ತಿದ್ದರು. ಮೂರು ವರ್ಷದ ಹಿಂದೆ 1,800 ರೂಪಾಯಿ ಕೊಟ್ಟು ಡ್ಯುಯಲ್ ಬ್ಯಾಂಡ್ ರೌಟರ್ ತಂದು, ಅದರಲ್ಲಿದ್ದ ಮ್ಯಾಕ್ ಫಿಲ್ಟರ್ ಆನ್ ಮಾಡಿದೆ. ಪ್ರತಿ ಫೋನು, ಲ್ಯಾಪ್‌ಟಾಪ್‌ಗೂ ಮ್ಯಾಕ್ ಅಡ್ರೆಸ್ ಅನ್ನೋ ಗುರುತಿನ ನಂಬರ್ ಇರುತ್ತದೆ. ರೌಟರ್‌ನ ಪಟ್ಟಿಯಲ್ಲಿ ಆ ನಂಬರ್ ಇದ್ದರೆ ಒಳಗೆ, ಇಲ್ಲದಿದ್ದರೆ ಇಲ್ಲ.

ಮೊದಲು ಹೊರಗೆ ಬಿದ್ದವನು ನಾನೇ. ನನ್ನ ಲ್ಯಾಪ್‌ಟಾಪ್ ಸೇರಿಸುವ ಮೊದಲೇ ಸೇವ್ ಒತ್ತಿಬಿಟ್ಟಿದ್ದೆ! ಕೇಬಲ್ ಹುಡುಕಿ ರೌಟರ್‌ಗೆ ಚುಚ್ಚಿ ಸರಿಮಾಡಿದೆ. ವೈಫೈನ ಎರಡು ಬ್ಯಾಂಡಿಗೆ, ಅಂದರೆ 2.4 ಮತ್ತು 5 ಗಿಗಾಹರ್ಟ್ಸ್‌ಗೆ, ಬೇರೆ ಬೇರೆ ಪಟ್ಟಿ ಇಟ್ಟಿರುವುದು ಇನ್ನೊಂದು ಕಿರಿಕಿರಿ. ಎಲ್ಲಾ ಎರಡೆರಡು ಸಲ ಟೈಪ್ ಮಾಡಬೇಕು.

ನಿಜವಾದ ತಲೆನೋವು ಫೋನುಗಳದ್ದು. ‘ಅಬೌಟ್ ಫೋನ್’ನಲ್ಲಿ ಕಂಡ 12 ಅಕ್ಷರದ ನಂಬರ್ ಬರೆದುಕೊಂಡು ಹಾಕಿದರೂ ಕನೆಕ್ಟ್ ಆಗುತ್ತಿರಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಬಂದ ಮೇಲೆ ಫೋನು ಒಂದೊಂದು ವೈಫೈಗೂ ಒಂದೊಂದು ಸುಳ್ಳು ನಂಬರ್ ಹೇಳುತ್ತದೆ. ಎರಡನೇ ಅಕ್ಷರ 2, 6, ಎ ಅಥವಾ ಇ ಇದ್ದರೆ ಅದು ಅಂಥದ್ದೇ ಎಂದುಕೊಳ್ಳಿ. ಒಂದು 20ನೇ ತಾರೀಖು, ತಿಂಗಳ ಜಿಎಸ್‌ಟಿ ರಿಟರ್ನ್ ಜಿಎಸ್‌ಟಿಆರ್-3ಬಿ ಹಾಕೋ ಕೊನೇ ದಿನ, ಸಾರ್ ಹೊಸ ಐಫೋನ್ ಹಿಡಿದುಕೊಂಡು ಬಂದರು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಬಿಲ್ಲು ಪ್ರಿಂಟ್ ಆಗಬೇಕಿತ್ತು. “ಏನಪ್ಪಾ, ನನ್ನ ಆಫೀಸಲ್ಲಿ ನನಗೇ ನೋ ಎಂಟ್ರಿನಾ?” ಫೋನಿನಲ್ಲಿ ಆ ವೈಫೈಗೆ ಮಾತ್ರ ಸುಳ್ಳು ನಂಬರ್ ಹೇಳುವ ‘ಪ್ರೈವೇಟ್ ಅಡ್ರೆಸ್’ ಆಫ್ ಮಾಡಿ, ನಿಜವಾದ ನಂಬರ್ ಪಟ್ಟಿಗೆ ಹಾಕಿದೆ, ಕೆಲಸ ನಡೆಯಿತು.

ಇಷ್ಟೆಲ್ಲ ಮಾಡಿದರೂ ಇದು ಬೀಗ ಅಲ್ಲ, ಹಾಜರಿ ಪುಸ್ತಕ. ಪಾಸ್‌ವರ್ಡ್ ಇಟ್ಟ ವೈಫೈಯಲ್ಲೂ ಈ ನಂಬರ್ ಮಾತ್ರ ಮುಚ್ಚುಮರೆ ಇಲ್ಲದೆ ಗಾಳಿಯಲ್ಲಿ ಓಡಾಡುತ್ತದೆ. ಆರ್ಟಿಕಲ್‌ಶಿಪ್‌ಗೆ (ಸಿಎ ಓದಿನ ತರಬೇತಿಗೆ) ಬಂದ ಹುಡುಗ ಒಂದು ದಿನ ನನ್ನ ಲ್ಯಾಪ್‌ಟಾಪ್ ಆಫ್ ಮಾಡಿಸಿ, ಅದರ ನಂಬರನ್ನೇ ತನ್ನದಕ್ಕೆ ಹಾಕಿಕೊಂಡು ಸಲೀಸಾಗಿ ಒಳಗೆ ಬಂದ. ರೌಟರ್ ಪಿಟಕ್ ಅನ್ನಲಿಲ್ಲ.

ಕೊನೆಗೆ ಕೈಹಿಡಿದದ್ದು ಅದೇ ರೌಟರ್‌ನ ಗೆಸ್ಟ್ ನೆಟ್‌ವರ್ಕ್. ಕ್ಲೈಂಟುಗಳಿಗೆ ಅದರ ಪಾಸ್‌ವರ್ಡ್ ಗೋಡೆ ಮೇಲೆ ಅಂಟಿಸಿದ್ದೇವೆ. ಇಂಟರ್‌ನೆಟ್ ಸಿಗುತ್ತದೆ, ಟ್ಯಾಲಿಯೂ ಪ್ರಿಂಟರೂ ಕಾಣುವುದಿಲ್ಲ. ಒಳಗಿನ ವೈಫೈಗೆ ಹೊಸ ಪಾಸ್‌ವರ್ಡ್, ಅದು ಏಳೇ ಜನಕ್ಕೆ. ಮೊದಲೇ ಇದನ್ನು ಮಾಡಬಹುದಿತ್ತು, ಅಲ್ವಾ? ಫಿಲ್ಟರ್ ತೆಗೆದಿಲ್ಲ. ಯಾರಾದರೂ ಕೆಲಸ ಬಿಟ್ಟಾಗ ಅವರ ಸಾಲು ಅಳಿಸಿದರೆ ಸದ್ಯಕ್ಕೆ ಸಾಕಾಗುತ್ತದೆ, ಪಾಸ್‌ವರ್ಡ್ ನಿಧಾನವಾಗಿ ಬದಲಾಯಿಸಬಹುದು.

ಒಂದು ಮಾತು ಮರೆತೆ. ಈ ರೌಟರ್‌ನ ಫಿಲ್ಟರ್ ಬರೀ ವೈಫೈಗೆ. ಕೇಬಲ್ ಚುಚ್ಚಿದವರನ್ನು ಯಾರೂ ಕೇಳುವುದಿಲ್ಲ. ಮೇಜಿನ ಕೆಳಗಿನ ಖಾಲಿ ಪೋರ್ಟಿಗೆ ಸದ್ಯ ಸೆಲೋಟೇಪ್ ಸುತ್ತಿದ್ದೇನೆ.