ಸ್ಟಾರ್ಟ್ ಆಗದ ರೈಡಿಂಗ್ ಮೋವರ್: ಹಲವು ವರ್ಷಗಳ ಬಳಕೆಯ ನಂತರದ ವಿಮರ್ಶೆ

ಅಮೆರಿಕದ ಓಹಾಯೋ ರಾಜ್ಯದಲ್ಲಿ ಸುಮಾರು ಒಂದು ಎಕರೆ ಹುಲ್ಲುಹಾಸಿರುವ ನಮ್ಮ ಮನೆಗೆ ಕೊಂಡ ರೈಡಿಂಗ್ ಮೋವರ್ (ಮೇಲೆ ಕುಳಿತು ಓಡಿಸುತ್ತಾ ಹುಲ್ಲು ಕತ್ತರಿಸುವ ಯಂತ್ರ) ಒಂದೇ ಸಿಲಿಂಡರಿನ ಪೆಟ್ರೋಲ್ ಎಂಜಿನ್, 42 ಇಂಚಿನ ಡೆಕ್ (ಬ್ಲೇಡ್ ಇರುವ ಕೆಳಭಾಗ) ಮತ್ತು 12 ವೋಲ್ಟಿನ ಬ್ಯಾಟರಿ ಇರುವ ಸಾಧಾರಣ ಮಾದರಿಯದು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅದಕ್ಕೆ ನಿಯಮಿತವಾಗಿ ಕೆಲಸ. ಉಳಿದ ತಿಂಗಳುಗಳಲ್ಲಿ ಕೊರೆಯುವ ಚಳಿಯ ಶೆಡ್ಡಿನಲ್ಲಿ ವಾಸ. ಹುಲ್ಲನ್ನು ಸಮನಾಗಿ ಕತ್ತರಿಸುತ್ತದೆ, ಇಳಿಜಾರಿನಲ್ಲಿ ಏದುಸಿರು ಬಿಡುವುದಿಲ್ಲ, ಬ್ಲೇಡನ್ನು ಹರಿತವಾಗಿಟ್ಟು ಕಾಲಕಾಲಕ್ಕೆ ಎಂಜಿನ್ ಆಯಿಲ್ ಬದಲಿಸಿದರೆ ಬೇರೇನನ್ನೂ ಬೇಡುವುದಿಲ್ಲ. ಈ ವರ್ಷಗಳಲ್ಲಿ ನಮ್ಮನ್ನು ಮತ್ತೆ ಮತ್ತೆ ಕಾಡಿದ್ದು ಒಂದೇ ವಿಷಯ: ಕೀಲಿ ತಿರುಗಿಸಿದಾಗ ಎಂಜಿನ್ ತಿರುಗದಿರುವುದು. ಹೀಗಾಗಿ ಈ ವಿಮರ್ಶೆಯ ಬಹುಪಾಲು ಅದಕ್ಕೇ ಮೀಸಲು.

ಇಂಥ ತೊಂದರೆ ಬಂದಾಗ ಅಂಗಡಿಯವರಿಂದ ಹಿಡಿದು ನೆರೆಹೊರೆಯವರವರೆಗೆ ಎಲ್ಲರೂ ಕೊಡುವ ಸಲಹೆ ಹೊಸ ಬ್ಯಾಟರಿ ಹಾಕಿ ಎಂಬುದು. ಅದು ಫಲಿಸದಿದ್ದರೆ ಸೊಲೆನಾಯ್ಡ್ (ಒಳಗಿನ ವಿದ್ಯುತ್ಕಾಂತ ಎಳೆದಾಗ ಸ್ಟಾರ್ಟರಿಗೆ ಕರೆಂಟು ಬಿಡುವ ಸ್ವಿಚ್), ಆಮೇಲೆ ಎಂಜಿನ್ನನ್ನು ಮೊದಲು ತಿರುಗಿಸುವ ಸ್ಟಾರ್ಟರ್ ಮೋಟರ್. ನನ್ನ ಖಚಿತವಾದ ಅಭಿಪ್ರಾಯ ಬೇರೆ. ಒಂದು ಅಗ್ಗದ ಡಿಜಿಟಲ್ ಮಲ್ಟಿಮೀಟರ್ ಕೈಯಲ್ಲಿದ್ದು, ಕೀಲಿಯನ್ನು ಸ್ಟಾರ್ಟ್ ಸ್ಥಾನದಲ್ಲಿ ಹಿಡಿದಿರುವಾಗಲೇ ವೋಲ್ಟೇಜ್ ಅಳೆದು ನೋಡುವ ತಾಳ್ಮೆ ಇದ್ದರೆ, ಯಾವ ಬಿಡಿಭಾಗವನ್ನೂ ಕೊಳ್ಳುವ ಮೊದಲೇ ದೋಷ ಎಲ್ಲಿದೆ ಎಂಬುದು ಗೊತ್ತಾಗುತ್ತದೆ.

ಇದರ ಸ್ಟಾರ್ಟ್ ವ್ಯವಸ್ಥೆಯಲ್ಲಿ ಎರಡು ದಾರಿಗಳಿವೆ. ಬ್ಯಾಟರಿಯಿಂದ ದಪ್ಪ ಕೇಬಲ್ ಸೊಲೆನಾಯ್ಡಿಗೆ, ಅಲ್ಲಿಂದ ಸ್ಟಾರ್ಟರ್ ಮೋಟರಿಗೆ ಹೋಗುತ್ತದೆ; ಎಂಜಿನ್ ಮತ್ತು ಚಾಸಿಯ (ಯಂತ್ರದ ಚೌಕಟ್ಟಿನ) ಲೋಹದ ಮೂಲಕ ಕರೆಂಟು ಬ್ಯಾಟರಿಯ ಋಣ ತುದಿಗೆ ಮರಳುತ್ತದೆ. ಎರಡನೆಯದು ತೆಳು ತಂತಿಗಳ ದಾರಿ: ಫ್ಯೂಸ್, ಕೀಲಿ ಸ್ವಿಚ್, ಬ್ರೇಕ್ ಪೆಡಲಿನ ಸ್ವಿಚ್, ಬ್ಲೇಡ್ ಸ್ವಿಚ್, ಕೊನೆಗೆ ಸೊಲೆನಾಯ್ಡಿನ ಸಣ್ಣ ಟರ್ಮಿನಲ್. ಕೀಲಿ ತಿರುಗಿಸಿದಾಗ ಕೇಳುವ ಸದ್ದೇ ಯಾವ ದಾರಿಯನ್ನು ಹಿಡಿಯಬೇಕೆಂದು ತಿಳಿಸುತ್ತದೆ. ಏನೂ ಸದ್ದಿಲ್ಲದಿದ್ದರೆ ದೋಷ ಹೆಚ್ಚಾಗಿ ತೆಳು ತಂತಿಗಳಲ್ಲಿರುತ್ತದೆ. ಒಂದೇ ಒಂದು ಗಟ್ಟಿ ‘ಟಕ್’ ಕೇಳಿ ಸುಮ್ಮನಾದರೆ ಸೊಲೆನಾಯ್ಡ್ ಎಳೆದಿದೆ, ಆದರೆ ಮೋಟರಿಗೆ ಸಾಕಷ್ಟು ಕರೆಂಟು ತಲುಪಿಲ್ಲ ಅಥವಾ ಮೋಟರೇ ಸಿಕ್ಕಿಕೊಂಡಿದೆ. ‘ಟಕಟಕ’ ಎಂದು ಬಡಿದುಕೊಳ್ಳುತ್ತಿದ್ದರೆ ಪ್ರತಿ ಬಾರಿ ಎಳೆದೊಡನೆ ವೋಲ್ಟೇಜ್ ಕುಸಿಯುತ್ತಿದೆ ಎಂದರ್ಥ. ಬ್ಯಾಟರಿ ಇಳಿದಿರಬಹುದು, ಟರ್ಮಿನಲ್ ಸಡಿಲವಾಗಿರಬಹುದು.

ಅಳೆಯುವ ಮೊದಲು ಪಾರ್ಕಿಂಗ್ ಬ್ರೇಕ್ ಹಾಕಿ, ಸ್ಪಾರ್ಕ್ ಪ್ಲಗ್‌ನ ತಂತಿಯನ್ನು ಕಳಚಿ ಎಂಜಿನ್ನಿನ ಲೋಹಕ್ಕೆ ತಾಗಿಸಿಡಬೇಕು. ಎಂಜಿನ್ ತಿರುಗಿದರೂ ಹೊತ್ತಿಕೊಳ್ಳಬಾರದು. ಒಮ್ಮೆಗೆ ಐದು ಸೆಕೆಂಡಿಗಿಂತ ಹೆಚ್ಚು ಕ್ರ್ಯಾಂಕ್ ಮಾಡದೆ, ಅಂದರೆ ಸ್ಟಾರ್ಟರಿನಿಂದ ಎಂಜಿನ್ ತಿರುಗಿಸದೆ, ನಡುವೆ ಸ್ಟಾರ್ಟರ್ ತಣಿಯಲು ಬಿಡಬೇಕು. ಸುಮ್ಮನೆ ನಿಂತಿರುವ ಒಳ್ಳೆಯ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ. 12 ವೋಲ್ಟ್ ತೋರಿಸಿದರೆ ಅದರಲ್ಲಿ ಉಳಿದಿರುವುದು ಸುಮಾರು ಕಾಲು ಭಾಗ ಮಾತ್ರ. ಹಾಗೆಂದು 12.6 ನೋಡಿದ ಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆ ಎನ್ನಲಾಗದು. ಕ್ರ್ಯಾಂಕ್ ಆಗುತ್ತಿರುವಾಗ ಅದು 9.6 ವೋಲ್ಟಿಗಿಂತ ಕೆಳಗೆ ಬೀಳದೆ ನಿಲ್ಲುತ್ತದೆಯೇ ಎಂಬುದೇ ಅದರ ನಿಜವಾದ ಪರೀಕ್ಷೆ.

ನಮ್ಮ ಯಂತ್ರದಲ್ಲಿ ಬ್ಯಾಟರಿ ಈ ಪರೀಕ್ಷೆಯಲ್ಲಿ ಗೆದ್ದಿತ್ತು, ಆದರೂ ಸ್ಟಾರ್ಟರ್ ತಿಣುಕುತ್ತಿತ್ತು. ಇಲ್ಲಿ ನೆರವಾದದ್ದು ವೋಲ್ಟೇಜ್ ಎಲ್ಲಿ ಸೋರಿಹೋಗುತ್ತಿದೆ ಎಂದು ಹುಡುಕುವ ಕ್ರಮ, ಮತ್ತು ಈ ಇಡೀ ಅನುಭವದಲ್ಲಿ ನಾನು ಅತ್ಯಂತ ಅಮೂಲ್ಯವೆಂದು ಭಾವಿಸುವುದೂ ಇದನ್ನೇ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನ ತುದಿಗೂ ಇನ್ನೊಂದನ್ನು ಸ್ಟಾರ್ಟರಿನ ಬೋಲ್ಟಿಗೂ ಇಟ್ಟು ಕ್ರ್ಯಾಂಕ್ ಮಾಡಿದಾಗ ಮೀಟರ್ ತೋರಿಸುವ ಅಂಕಿ ಸುಮಾರು ಅರ್ಧ ವೋಲ್ಟಿನೊಳಗಿರಬೇಕು. ಬ್ಯಾಟರಿಯ ಋಣ ತುದಿ ಮತ್ತು ಎಂಜಿನ್ನಿನ ಲೋಹದ ನಡುವೆ ಹಾಗೆಯೇ ಅಳೆದರೆ 0.2 ವೋಲ್ಟನ್ನು ಮೀರಬಾರದು. ನಮ್ಮಲ್ಲಿ ಧನ ಬದಿ ಸರಿಯಾಗಿತ್ತು. ಋಣ ಬದಿಯಲ್ಲಿ ಮೀಟರ್ 1.8 ವೋಲ್ಟ್ ತೋರಿಸಿತು. ಬ್ಯಾಟರಿ ಕೊಟ್ಟದ್ದರಲ್ಲಿ ಅಷ್ಟು ಪಾಲು ಸ್ಟಾರ್ಟರನ್ನು ತಲುಪುತ್ತಲೇ ಇರಲಿಲ್ಲ. ಋಣ ತುದಿಯಿಂದ ಬರುವ ಗ್ರೌಂಡ್ ಕೇಬಲ್ಲನ್ನು ಚಾಸಿಗೆ ಬಿಗಿದಿದ್ದ ಬೋಲ್ಟ್ ಬಿಚ್ಚಿದಾಗ, ಕೆಳಗಿನ ಬಣ್ಣವನ್ನು ಕೆರೆಯದೆ ಅದರ ಮೇಲೆಯೇ ಬಿಗಿದಿದ್ದುದೂ ಸುತ್ತಲೂ ಹಸಿರು ಕಿಲುಬು ಹಿಡಿದಿದ್ದುದೂ ಕಂಡಿತು. ಹುಲ್ಲಿನ ಪುಡಿ ಮತ್ತು ತೇವ ಸದಾ ಸೇರಿಕೊಳ್ಳುವ ಜಾಗದಲ್ಲಿ ತಯಾರಕರು ತೋರಿದ ಈ ಅಲಕ್ಷ್ಯಕ್ಕೆ ನಾನು ಒಂದು ನಕ್ಷತ್ರವನ್ನು ಕಡಿತ ಮಾಡುತ್ತೇನೆ. ಉಪ್ಪುಕಾಗದದಿಂದ ಉಜ್ಜಿ, ಹಲ್ಲಿರುವ ವಾಷರ್ ಹಾಕಿ, ಬಿಗಿದು, ಮೇಲೆ ಗ್ರೀಸ್ ಸವರಿದ ನಂತರ ಆ ನಷ್ಟ 0.2 ವೋಲ್ಟಿಗಿಂತ ಕಡಿಮೆಯಾಯಿತು, ಎಂಜಿನ್ ಹಿಂದಿನ ಹುರುಪಿನಿಂದ ತಿರುಗಿತು.

ಕೇಬಲ್ಲನ್ನು ಮೀಟರಿನ ಓಮ್ (ವಿದ್ಯುತ್ ತಡೆ ಅಳೆಯುವ) ಸ್ಥಾನದಲ್ಲಿ ಅಳೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಸ್ಟಾರ್ಟರ್ 100 ಆಂಪಿಯರ್ ಎಳೆಯುತ್ತಿದ್ದರೆ ಬರೀ 0.02 ಓಮ್ ತಡೆಯಿಂದಲೇ 2 ವೋಲ್ಟ್ ನಷ್ಟವಾಗುತ್ತದೆ. ಸಾಮಾನ್ಯ ಮೀಟರಿಗೆ ಅಷ್ಟು ಸಣ್ಣ ತಡೆಯನ್ನು ನಂಬಿಕೆಯಿಂದ ತೋರಿಸುವ ಶಕ್ತಿಯಿಲ್ಲ, ಅದರ ಕಡ್ಡಿಗಳ ತಂತಿಯದೇ ತಡೆ ಅದಕ್ಕಿಂತ ಹೆಚ್ಚಿರುತ್ತದೆ. ಒಂದೇ ಎಳೆಯಲ್ಲಿ ಜೋತಾಡುತ್ತಿರುವ ಕೇಬಲ್ ಕೂಡ ಓಮ್ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ.

ಮುಂದೊಂದು ವಸಂತದಲ್ಲಿ ಬಂದದ್ದು ಪೂರ್ಣ ಮೌನದ ದೋಷ. ಆಗ ಸೊಲೆನಾಯ್ಡಿನ ಸಣ್ಣ ಟರ್ಮಿನಲಿನಿಂದಲೇ ಆರಂಭಿಸುವುದು ಜಾಣತನ. ಕೀಲಿ ತಿರುಗಿಸಿ ಹಿಡಿದಾಗ ಅಲ್ಲಿ 12 ವೋಲ್ಟ್ ಬಂದರೆ ಫ್ಯೂಸ್, ಸ್ವಿಚ್ಚುಗಳೆಲ್ಲವೂ ನಿರ್ದೋಷಿಗಳು. ಆಗ ನಾಲ್ಕು ಟರ್ಮಿನಲಿನ ಸೊಲೆನಾಯ್ಡಾದರೆ ಇನ್ನೊಂದು ಸಣ್ಣ ಟರ್ಮಿನಲಿಗೆ ಗ್ರೌಂಡ್ ಸಿಗುತ್ತಿದೆಯೇ ಎಂದು ನೋಡಬೇಕು. ಸಿಗುತ್ತಿದ್ದೂ ಅದು ಎಳೆಯದಿದ್ದರೆ ಸೊಲೆನಾಯ್ಡೇ ಕೆಟ್ಟಿದೆ. 12 ವೋಲ್ಟ್ ಬರದಿದ್ದರೆ ಒಂದೊಂದೇ ಸ್ವಿಚ್ಚಿನ ಎರಡೂ ಬದಿ ಅಳೆಯುತ್ತಾ ಹಿಂದಕ್ಕೆ ಸಾಗಬೇಕು. ನಮ್ಮಲ್ಲಿ ಬ್ರೇಕ್ ಪೆಡಲಿನ ಸ್ವಿಚ್ಚಿಗೆ ಒಳಬರುವ ತಂತಿಯಲ್ಲಿ 12 ವೋಲ್ಟ್ ಇತ್ತು, ಪೆಡಲ್ ಪೂರ್ತಿ ಒತ್ತಿದರೂ ಹೊರಹೋಗುವ ತಂತಿಯಲ್ಲಿ ಏನೂ ಇರಲಿಲ್ಲ. ಸ್ವಿಚ್ ಬದಲಿಸಿದ್ದು ಹತ್ತು ನಿಮಿಷದ ಕೆಲಸ.

ಬ್ರೇಕ್, ಬ್ಲೇಡ್, ಸೀಟುಗಳ ಈ ಸುರಕ್ಷತಾ ಸ್ವಿಚ್ಚುಗಳನ್ನು ತಂತಿಯಿಂದ ಶಾಶ್ವತವಾಗಿ ಜೋಡಿಸಿ ಮರೆತುಬಿಡುವ ಪದ್ಧತಿಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಬ್ಲೇಡ್ ತಿರುಗುತ್ತಿರುವಾಗ ಚಾಲಕ ಜಾರಿ ಬಿದ್ದರೆ ಎಂಜಿನ್ ನಿಲ್ಲಿಸುವುದು ಸೀಟಿನ ಕೆಳಗಿರುವ ಆ ಪುಟ್ಟ ಸ್ವಿಚ್ಚೇ. ಸ್ಕ್ರೂಡ್ರೈವರಿನಿಂದ ಸೊಲೆನಾಯ್ಡಿನ ದೊಡ್ಡ ಟರ್ಮಿನಲುಗಳನ್ನು ತಾಗಿಸಿ ಸ್ಟಾರ್ಟ್ ಮಾಡುವುದೂ ಅಷ್ಟೇ ಅಪಾಯಕಾರಿ. ಆಗ ಈ ಸ್ವಿಚ್ಚುಗಳ ರಕ್ಷಣೆ ತಪ್ಪಿಹೋಗುತ್ತದೆ, ಗೇರಿನಲ್ಲಿರುವ ಯಂತ್ರ ಪಕ್ಕದಲ್ಲಿ ನಿಂತವರ ಮೇಲೆಯೇ ಚಲಿಸಬಹುದು. ಕೀಲಿ ಸ್ವಿಚ್ಚನ್ನು ಬದಲಿಸುವವರಿಗೆ ಇನ್ನೊಂದು ಮಾತು: ಐದು ಪಿನ್ನುಗಳ ಸ್ವಿಚ್ಚುಗಳು ಹೊರನೋಟಕ್ಕೆ ಒಂದೇ ತರಹ ಇದ್ದರೂ ಒಳಗಿನ ಜೋಡಣೆ ಬೇರೆ ಬೇರೆ ಇರುತ್ತದೆ. ಕಿಡಿ ಹುಟ್ಟಿಸುವ ಭಾಗಕ್ಕೆ ಹೋಗುವ ಮ್ಯಾಗ್ನೆಟೋ ತಂತಿಗೆ 12 ವೋಲ್ಟ್ ಹರಿದರೆ ಇಗ್ನಿಷನ್ ಕಾಯಿಲ್ ಸುಟ್ಟುಹೋಗಬಹುದು, ಆದ್ದರಿಂದ ಪಾರ್ಟ್ ನಂಬರ್ ಹೊಂದಿಸದೆ ಕೊಳ್ಳಬಾರದು.

ವಿದ್ಯುತ್ ದೋಷದ ವೇಷದಲ್ಲಿ ಬರುವ ಯಾಂತ್ರಿಕ ದೋಷವೂ ಒಂದಿದೆ. ಇಂಥ ಅನೇಕ ಎಂಜಿನ್ನುಗಳಲ್ಲಿ ಸ್ಟಾರ್ಟ್ ಆಗುವಾಗ ವಾಲ್ವನ್ನು ಕೊಂಚ ಎತ್ತಿ ಸಿಲಿಂಡರಿನ ಒತ್ತಡ ಇಳಿಸುವ ಏರ್ಪಾಡಿರುತ್ತದೆ. ವಾಲ್ವ್ ಕ್ಲಿಯರೆನ್ಸ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಅಂತರ) ಹೆಚ್ಚಾದರೆ ಅದು ಕೆಲಸ ಮಾಡುವುದಿಲ್ಲ, ಎಂಜಿನ್ ಅರ್ಧ ಸುತ್ತು ತಿರುಗಿ ಗಕ್ಕನೆ ನಿಲ್ಲುತ್ತದೆ. ಮೇಲಿನ ಎಲ್ಲ ಅಳತೆಗಳೂ ಸರಿಯಿದ್ದು ಹೀಗಾದರೆ ಬ್ಯಾಟರಿಯನ್ನು ದೂರದೆ ವಾಲ್ವ್ ಕವರ್ ಬಿಚ್ಚಿಸುವುದು ಒಳ್ಳೆಯದು.

ಚಳಿಗಾಲಕ್ಕೆ ಮುನ್ನ ನಾವು ಬ್ಯಾಟರಿಯ ಋಣ ತಂತಿಯನ್ನು ಮೊದಲು ಕಳಚಿ, ಬ್ಯಾಟರಿಯನ್ನು ಮನೆಯೊಳಗೆ ತಂದು ಚಾರ್ಜ್ ಇಳಿಯದಂತೆ ಕಾಯುವ ಸಣ್ಣ ಮೇಂಟೇನರ್ ಚಾರ್ಜರಿಗೆ ಜೋಡಿಸಿಡುತ್ತೇವೆ. ಪೂರ್ತಿ ಇಳಿದ ಬ್ಯಾಟರಿಯ ದ್ರವ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ, ಓಹಾಯೋದ ಶೆಡ್ಡಿನಲ್ಲಿ ಅಷ್ಟು ಚಳಿ ಸಾಮಾನ್ಯ. ವಸಂತದಲ್ಲಿ ಸೀಟಿನ ಕೆಳಗಿನ ತಂತಿಗಳನ್ನು ಇಲಿ ಕಡಿದಿದೆಯೇ ಎಂದು ನೋಡಿ, ಎಂಜಿನ್ ವೇಗವಾಗಿ ಓಡುವಾಗ ಬ್ಯಾಟರಿಯಲ್ಲಿ 13.5ರಿಂದ 14.5 ವೋಲ್ಟ್ ಬರುತ್ತಿದೆಯೇ ಎಂದು ಅಳೆದರೆ ಚಾರ್ಜಿಂಗ್ ಬಗ್ಗೆಯೂ ಚಿಂತೆ ಉಳಿಯದು.

ಐದರಲ್ಲಿ ನಾಲ್ಕು ನಕ್ಷತ್ರ. ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ, ಪ್ರತಿಯೊಂದು ಸ್ವಿಚ್ಚಿಗೂ ಕೈ ಹೋಗುತ್ತದೆ. ಯಂತ್ರದ ಜೊತೆ ಬರುವ ಕೈಪಿಡಿಯಲ್ಲಿ ವೈರಿಂಗ್ ನಕ್ಷೆ ಇಲ್ಲ. ಸೀಟಿನ ಕೆಳಗಿನ ಚೀಟಿಯಲ್ಲಿರುವ ಮಾದರಿ ಸಂಖ್ಯೆಯನ್ನು ಕೊಟ್ಟು ಡೀಲರ್ ಬಳಿ ಯಂತ್ರ ಕೊಳ್ಳುವ ದಿನವೇ ಸರ್ವಿಸ್ ಕೈಪಿಡಿಯನ್ನು ಕೇಳಿ ಪಡೆಯಿರಿ.