ಬರ್ಬನ್ ಬಾಟಲಿಯ ಪದಕ: ಸ್ಯಾನ್ ಫ್ರಾನ್ಸಿಸ್ಕೋದ್ದೋ, ಲಂಡನ್ನಿನದ್ದೋ?

ಪದಕದ ಸ್ಟಿಕರ್ ನೋಡಿ ಬರ್ಬನ್ (ಹೆಚ್ಚಾಗಿ ಮೆಕ್ಕೆಜೋಳದಿಂದ ಮಾಡುವ ಅಮೆರಿಕದ ವಿಸ್ಕಿ) ಕೊಳ್ಳುವವರಿಗೆ ಎರಡು ಹೆಸರು ಜಾಸ್ತಿ ಕಣ್ಣಿಗೆ ಬೀಳುತ್ತವೆ. ಒಂದು 2000ದಲ್ಲಿ ಶುರುವಾದ ಸ್ಯಾನ್ ಫ್ರಾನ್ಸಿಸ್ಕೋ ವರ್ಲ್ಡ್ ಸ್ಪಿರಿಟ್ಸ್ ಕಾಂಪಿಟಿಶನ್. ಇನ್ನೊಂದು 1969ರಿಂದ ಇರುವ ಲಂಡನ್ನಿನ ಐಡಬ್ಲ್ಯುಎಸ್‌ಸಿ, ಅಂದರೆ ಇಂಟರ್‌ನ್ಯಾಷನಲ್ ವೈನ್ ಅಂಡ್ ಸ್ಪಿರಿಟ್ ಕಾಂಪಿಟಿಶನ್. ಎರಡರಲ್ಲೂ ತೀರ್ಪುಗಾರರಿಗೆ ಬ್ರ್ಯಾಂಡ್ ಹೆಸರು ಗೊತ್ತಿರುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಬಲ್ ಗೋಲ್ಡ್ ಸಿಗಬೇಕಾದರೆ ಆ ಬಾಟಲಿಯ ರುಚಿ ನೋಡುವ ತಂಡದ ತೀರ್ಪುಗಾರರೆಲ್ಲ ಚಿನ್ನವೇ ಕೊಡಬೇಕು, ಹಾಗಾಗಿ ಅದು ಎಲ್ಲರ ನಾಲಿಗೆಗೂ ಒಗ್ಗುವ ಬಾಟಲಿ ಅಂತ ಧೈರ್ಯವಾಗಿ ತಗೊಳ್ಳಬಹುದು. ಆದರೆ ಒಬ್ಬರಿಗೆ ಹುಚ್ಚು ಹಿಡಿಸಿ ಇನ್ನೊಬ್ಬರಿಗೆ ಹಿಡಿಸದ ಖಾರದ, ರೈ ಧಾನ್ಯ ಜಾಸ್ತಿ ಇರುವ ಬರ್ಬನ್ ಅಲ್ಲಿ ಹಿಂದೆ ಬೀಳಬಹುದು. ಲಂಡನ್ನಿನಲ್ಲಿ 100ಕ್ಕೆ ಅಂಕ. 95 ಮತ್ತು ಮೇಲೆ ಚಿನ್ನ, 90ರಿಂದ 94 ಬೆಳ್ಳಿ. ಎರಡು ಬಾಟಲಿ ಹೋಲಿಸಲು ಇದು ಸುಲಭ.

ಎಲ್ಲೇ ಆಗಲಿ, ಆಲ್ಕೋಹಾಲ್ ಪ್ರಮಾಣ ನೋಡಲೇಬೇಕು. 60% ದಾಟಿದ ಬ್ಯಾರೆಲ್ ಪ್ರೂಫ್ (ಪೀಪಾಯಿಯಿಂದ ತೆಗೆದು ನೀರು ಬೆರೆಸದೆ ತುಂಬಿದ ಬರ್ಬನ್) ಗುಟುಕರಿಸಿದ ಮೇಲೆ 45%ನ ಬರ್ಬನ್ ಮೂಗಿಗೆ ಹಿಡಿದರೆ ಅದರ ವೆನಿಲ್ಲಾ, ಸುಟ್ಟ ಓಕ್ ಎಲ್ಲ ಸಪ್ಪೆ ಅನ್ನಿಸುತ್ತದೆ. ಮೊದಲನೆಯದಕ್ಕೆ ನಾಲ್ಕು ಹನಿ ನೀರು ಬಿಟ್ಟು ನೋಡಿ, ಉರಿ ಇಳಿದು ಕ್ಯಾರಮೆಲ್ ಮೇಲೆ ಬರುತ್ತದೆ.

ಇನ್ನೊಂದು ಮಾತು. ಸ್ಪರ್ಧೆಗೆ ಸೇರಲು ಕಂಪನಿಗಳು ಶುಲ್ಕ ಕಟ್ಟಬೇಕು. ಹಾಗಾಗಿ ಪದಕ ಇಲ್ಲದ ಬಾಟಲಿ ಸೋತಿದೆ ಅಂತ ಅಲ್ಲ, ಅದು ಸ್ಪರ್ಧೆಗೇ ಹೋಗಿಲ್ಲದಿರಬಹುದು. ಸ್ಟಿಕರ್ ಮೇಲಿನ ವರ್ಷವನ್ನೂ ಓದಿ, ಹಳೇ ಬ್ಯಾಚಿಗೆ ಬಂದ ಚಿನ್ನ ಈಗಿನ ಬಾಟಲಿಗೆ ಲೆಕ್ಕಕ್ಕಿಲ್ಲ. ಮನೆಗೆ ಬರುವ ನಾಲ್ಕಾರು ಜನರಿಗೆ ಬೇಕಾದರೆ ನನ್ನ ಆಯ್ಕೆ ಡಬಲ್ ಗೋಲ್ಡ್. ನನಗೊಬ್ಬನಿಗೇ ಆದರೆ ಲಂಡನ್ನಿನ ಬೆಳ್ಳಿಯೂ ಸಾಕು.