ಚೇತಕ್, ಚೀತಾ, ಧ್ರುವ: ಸ್ಪ್ಯಾನರ್ ಹಿಡಿದವನ ಹೋಲಿಕೆ

ಹೆಲಿಕಾಪ್ಟರ್‌ಗಳ ಗುಣದೋಷಗಳನ್ನು ಸಾಮಾನ್ಯವಾಗಿ ಹಾರಿಸಿದವರು ಬರೆಯುತ್ತಾರೆ. ನಾನು ಹಾರಿಸಿದವನಲ್ಲ. ಬೆಳಗಾವಿಯ ಸಾಂಬ್ರಾದಲ್ಲಿ ಕವಾಯತು ಕಲಿತು, ತಾಂಬರಂನಲ್ಲಿ ಮೆಕ್ಯಾನಿಕಲ್ ಟ್ರೇಡ್ ಮುಗಿಸಿ, ವಾಯುಪಡೆಯ ಹೆಲಿಕಾಪ್ಟರ್ ಘಟಕಗಳಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಎಂಜಿನ್ ಫಿಟ್ಟರ್ ಆಗಿದ್ದವನು. ಬೆಳಗಿನ ತಪಾಸಣೆ ಮುಗಿಸಿ ಯಂತ್ರದ ಸ್ಥಿತಿಯನ್ನು ದಾಖಲಿಸುವ ಫಾರ್ಮ್ 700ರಲ್ಲಿ ಸಹಿ ಹಾಕಿದ ಮೇಲೆ ಯಂತ್ರ ಪೈಲಟ್‌ನ ಕೈಗೆ ಹೋಗುತ್ತಿತ್ತು. ಅದು ಹಿಂದಿರುಗುವವರೆಗೆ ಆ ಸಹಿ ನನ್ನ ತಲೆಯಲ್ಲೇ ಇರುತ್ತಿತ್ತು. ಹೀಗೆ ನನ್ನ ಕೈಯಿಂದ ದಾಟಿದ ಯಂತ್ರಗಳು ಮೂರು ಬಗೆಯವು. ಲಡಾಖ್‌ನ ಕೆಲಸಕ್ಕೆ ಇವುಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ನನ್ನ ಅಳತೆಗೋಲು ಸ್ವಲ್ಪ ವಿಚಿತ್ರವಾದದ್ದು: ಒಂದು ಕೆಲಸ ಮುಗಿಸಲು ಎಷ್ಟು ಹೊತ್ತು ಕೈಗವಸು ತೆಗೆದಿರಬೇಕು?

ಚೇತಕ್‌ನ ವಿಷಯ ಬೇಗ ಮುಗಿಯುತ್ತದೆ. ಫ್ರಾನ್ಸಿನ ಅಲೂಯೆಟ್ 3 ಎಂಬ ವಿನ್ಯಾಸಕ್ಕೆ 1962ರಲ್ಲಿ ಪರವಾನಗಿ ಪಡೆದು, ಬೆಂಗಳೂರಿನ ಎಚ್‌ಎಎಲ್ ಅದನ್ನು 1965ರಿಂದ ತಯಾರಿಸಿಕೊಡತೊಡಗಿತು. ಏಳು ಜನ ಕೂರಬಹುದಾದ, ಮೂರು ಚಕ್ರದ, ಒಂದೇ ಎಂಜಿನ್ನಿನ ಈ ಯಂತ್ರದಷ್ಟು ಒಳ್ಳೆಯ ಗುರು ಇನ್ನೊಂದಿಲ್ಲ. ಹಕೀಂಪೇಟೆಯ ತರಬೇತಿ ಶಾಲೆಯಲ್ಲಿ ಪೈಲಟ್‌ಗಳು ಇದರ ಮೇಲೆ ಕಲಿಯುತ್ತಿದ್ದಾಗ ನಾವು ಫಿಟ್ಟರ್‌ಗಳೂ ಇದರ ಮೇಲೆಯೇ ಕಲಿತೆವು. 1971ರ ಡಿಸೆಂಬರ್ 3ರ ರಾತ್ರಿ ರಾಕೆಟ್ ಕಟ್ಟಿಕೊಂಡು ನಾರಾಯಣಗಂಜ್‌ನ ತೈಲ ಸಂಗ್ರಹಾಗಾರದ ಮೇಲೆ ದಾಳಿ ಮಾಡಿದ್ದು ಇದೇ ಅಲೂಯೆಟ್. ಬಾಂಗ್ಲಾದೇಶದ ವಾಯುಪಡೆಗೆ ನಾಂದಿಯಾದ ಕಿಲೋ ಫ್ಲೈಟ್‌ಗೆ ಸೇರಿದ್ದದು. 1978ರ ಅಕ್ಟೋಬರಿನಲ್ಲಿ ಸಿಯಾಚಿನ್ ಹಿಮನದಿಯ ಮೇಲೆ ಮೊದಲು ಇಳಿದ ನಮ್ಮ ವಾಯುಪಡೆಯ ಹೆಲಿಕಾಪ್ಟರೂ ಚೇತಕ್. ಆದರೆ ಇಳಿಯುವುದು ಒಂದು, ದಿನವೂ ಸಾಮಾನು ಹೊತ್ತು ಇಳಿಯುವುದು ಇನ್ನೊಂದು. ಎತ್ತರದ ತೆಳುಗಾಳಿಯಲ್ಲಿ ಅದರ ಮೈತೂಕವೇ ಅದಕ್ಕೆ ಭಾರ. ಬಯಲುಸೀಮೆಯಲ್ಲಿ ಚೇತಕ್‌ಗೆ ನೂರಕ್ಕೆ ತೊಂಬತ್ತು ಅಂಕ ಕೊಡುವ ನಾನು ಲೇಹ್‌ನಿಂದ ಮೇಲಕ್ಕೆ ಅದನ್ನು ಸ್ಪರ್ಧೆಯಿಂದಲೇ ಕೈಬಿಡುತ್ತೇನೆ.

ಚೀತಾ ಹುಟ್ಟಿದ್ದೇ ಆ ಕೊರತೆಯನ್ನು ತುಂಬಲು. ಹಿಮಾಲಯದ ಎತ್ತರಕ್ಕೆ ಹಗುರವಾದ ಯಂತ್ರ ಬೇಕೆಂದು ಭಾರತ ಕೇಳಿದ್ದರಿಂದ, ಫ್ರೆಂಚರು ಅಲೂಯೆಟ್ 2ರ ಪುಟ್ಟ ಮೈಗೆ ಅಲೂಯೆಟ್ 3ರ ಎಂಜಿನ್ನು, ಗೇರ್‌ಬಾಕ್ಸು ಮತ್ತು ರೋಟರುಗಳನ್ನು, ಅಂದರೆ ತಿರುಗುವ ರೆಕ್ಕೆಗಳನ್ನು, ಜೋಡಿಸಿದರು. ದೊಡ್ಡವನ ಗುಂಡಿಗೆಯನ್ನು ಚಿಕ್ಕವನ ಎದೆಯಲ್ಲಿಟ್ಟಂತೆ. 1969ರಲ್ಲಿ ಮೊದಲು ಹಾರಿದ ಇದನ್ನು ಅವರು ಲಾಮಾ ಎಂದು ಕರೆದರು. ಬೆಂಗಳೂರಿನಲ್ಲಿ ತಯಾರಾದದ್ದು ಚೀತಾ. 1972ರ ಜೂನ್ 21ರಂದು ಜಾನ್ ಬುಲೆ ಎಂಬ ಪೈಲಟ್ ಲಾಮಾವನ್ನು 12,442 ಮೀಟರ್ ಎತ್ತರಕ್ಕೆ ಒಯ್ದಾಗ ಎಂಜಿನ್ ಆರಿಹೋಗಿ, ರೋಟರನ್ನು ಗಾಳಿಯ ರಭಸಕ್ಕೇ ತಿರುಗಲು ಬಿಟ್ಟುಕೊಂಡು ಅಷ್ಟು ಎತ್ತರದಿಂದ ನೆಲದವರೆಗೂ ಇಳಿದ ಕಥೆಯನ್ನು ನಮ್ಮ ಮೇಷ್ಟರು ತರಗತಿಯಲ್ಲಿ ಹೇಳುವಾಗ ಯಾರೂ ಕೆಮ್ಮುತ್ತಲೂ ಇರಲಿಲ್ಲ.

1984ರ ಏಪ್ರಿಲ್ 13ರಂದು ಸಿಯಾಚಿನ್ ಎತ್ತರಗಳನ್ನು ವಶಕ್ಕೆ ಪಡೆಯುವ ಸೇನಾ ಕಾರ್ಯಾಚರಣೆ, ಆಪರೇಷನ್ ಮೇಘದೂತ, ಆರಂಭವಾದದ್ದು ಚೀತಾಗಳ ಮೇಲೆ. ಕ್ಯಾಪ್ಟನ್ ಸಂಜಯ್ ಕುಲಕರ್ಣಿ ಅವರ ತುಕಡಿಯ ಯೋಧರನ್ನು ಬಿಲಾಫಾಂಡ್ ಲಾ ಕಣಿವೆದಾರಿಯ ಬಳಿ ಇಳಿಸಲು ಅವು ಹೋಗಿಬಂದದ್ದು ಹದಿನೇಳು ಬಾರಿ, ಒಂದೊಂದು ಬಾರಿಗೆ ಬೆರಳೆಣಿಕೆಯ ಜನ. ಅಂದಿನಿಂದ ಲೇಹ್‌ನ 114ನೇ ಹೆಲಿಕಾಪ್ಟರ್ ಘಟಕಕ್ಕೆ, ಅಂದರೆ ‘ಸಿಯಾಚಿನ್ ಪಯೋನಿಯರ್ಸ್’ಗೆ, ಚೀತಾ ಎಂಬುದು ಮನೆಯ ಹೆಸರಿನಂತೆ ಅಂಟಿಕೊಂಡಿದೆ. ನಾನಿದ್ದ ಘಟಕದ ಸಂಖ್ಯೆ ಬೇರೆ, ಕಣಿವೆ ಅದೇ.

ಚೀತಾದ ಎಂಜಿನ್ನಿಗೆ ಮುಚ್ಚಳವಿಲ್ಲ. ಆರ್ಟೂಸ್ಟ್ 3ಬಿ ಎಂಬ ಆ ಟರ್ಬೈನ್, ನಿಮಿಷಕ್ಕೆ 33,500 ಸುತ್ತು ತಿರುಗುವ ಯಂತ್ರ, ಕ್ಯಾಬಿನ್ನಿನ ಹಿಂದೆ ಬಯಲಿನಲ್ಲೇ ಕೂತಿರುತ್ತದೆ. ಬಾಲವೂ ಅಷ್ಟೆ, ಬರೀ ಕೊಳವೆಗಳ ಹಂದರ. ನೋಡುವವರಿಗೆ ಅರ್ಧಕ್ಕೇ ಬಿಟ್ಟ ಕೆಲಸದಂತೆ ಕಾಣುವ ಈ ಬೆತ್ತಲೆತನವೇ ಫಿಟ್ಟರ್‌ಗೆ ವರ. ಜನವರಿಯ ಒಂದು ಬೆಳಗ್ಗೆ, ಸೂರ್ಯ ಇನ್ನೂ ಎದುರಿನ ಬೆಟ್ಟ ಹತ್ತದಿದ್ದಾಗ, ಎಣ್ಣೆಯ ಕೊಳವೆಯೊಂದರ ಜೋಡಣೆಯ ನಟ್ಟು ಸಡಿಲವಾಗದಂತೆ ಹೆಣೆದು ಕಟ್ಟುವ ತಂತಿ, ಲಾಕಿಂಗ್ ವೈರ್, ತುಂಡಾಗಿದ್ದು ಟಾರ್ಚಿನ ಬೆಳಕಿಗೆ ಕಂಡಿತು. ತೆರೆಯಬೇಕಾದ ಬಾಗಿಲಿಲ್ಲ, ಬಿಚ್ಚಬೇಕಾದ ತಿರುಪಿಲ್ಲ. ನಿಂತಲ್ಲಿಂದಲೇ ಕೈ ಹೋಗುತ್ತಿತ್ತು. ಉಣ್ಣೆಯ ಕೈಗವಸಿನಲ್ಲಿ ತಂತಿ ಹೆಣೆಯಲು ಬರುವುದಿಲ್ಲ. ಬಲಗೈಯದನ್ನು ಹಲ್ಲಿನಿಂದ ಎಳೆದು ತೆಗೆದು, ಇಪ್ಪತ್ತು ಎಣಿಸುವಷ್ಟು ಹೊತ್ತು ಕೆಲಸ, ಆಮೇಲೆ ಕಂಕುಳಲ್ಲಿ ಕೈ, ಮತ್ತೆ ಇಪ್ಪತ್ತು ಎಣಿಕೆ. ಇಂಥ ನಾಲ್ಕು ಸುತ್ತಿಗೆ ತಂತಿ ಬಿಗಿಯಾಯಿತು. ಬೆರಳಿನ ತುದಿಯ ಚರ್ಮ ಇಕ್ಕಳಕ್ಕೆ ಅಂಟಿ ಕಿತ್ತುಬಂದದ್ದು ಚಹಾದ ಲೋಟ ಹಿಡಿದಾಗಲೇ ತಿಳಿದದ್ದು.

ಇನ್ನು ದೋಷಗಳು. ಒಂದೇ ಎಂಜಿನ್, ಅದು ನಿಂತರೆ ಕೆಳಗಿರುವುದು ಹಿಮದ ಬಿರುಕು. ಅತಿ ಎತ್ತರದ ಪೋಸ್ಟ್‌ಗಳಲ್ಲಿ ಅದನ್ನು ಆರಿಸಿ ಮತ್ತೆ ಹೊತ್ತಿಸುವ ಧೈರ್ಯ ಯಾರೂ ಮಾಡುವುದಿಲ್ಲವಾದ್ದರಿಂದ, ರೋಟರ್ ತಿರುಗುತ್ತಿರುವಾಗಲೇ ಸಾಮಾನು ಇಳಿಯಬೇಕು, ರೋಗಿ ಹತ್ತಬೇಕು. ಇಪ್ಪತ್ತು ಸಾವಿರ ಅಡಿಯ ಆಸುಪಾಸಿನಲ್ಲಿ ಅದು ಹೊರುವುದು ಒಂದೋ ಎರಡೋ ಜೆರಿಕ್ಯಾನ್ ಸೀಮೆಎಣ್ಣೆ. ಅಷ್ಟು ಇಂಧನ ಸುಟ್ಟು ಅಷ್ಟೇ ಸೀಮೆಎಣ್ಣೆ ಮೇಲೇರಿಸುವ ಲೆಕ್ಕವನ್ನು ಯಾವ ಶೆಟ್ಟರೂ ಒಪ್ಪಲಾರರು, ಆದರೆ ಮೇಲಿರುವವರ ಒಲೆ ಆ ಲೆಕ್ಕದಿಂದಲೇ ಉರಿಯುತ್ತದೆ. ಎಂಜಿನ್ನಿನ ಕೀರಲು ಸದ್ದನ್ನು ವರ್ಷಗಟ್ಟಲೆ ಕೇಳಿದ ನನ್ನ ಎಡಗಿವಿ ಈಗ ಮೊಮ್ಮಗನ ಪಿಸುಮಾತನ್ನು ಹಿಡಿಯುವುದಿಲ್ಲ. ಅದನ್ನೂ ಈ ಖಾತೆಗೇ ಬರೆಯುತ್ತೇನೆ.

ಚೀತಾದ ಮೈಗೆ ಟಿಎಂ333 ಎಂಜಿನ್ ಕೂರಿಸಿ ಎಚ್‌ಎಎಲ್ ಮಾಡಿದ ಚೀತಲ್ ಈ ಭಾರದ ಲೆಕ್ಕವನ್ನು ಸಾಕಷ್ಟು ಸುಧಾರಿಸಿತು, ಮೈಕಟ್ಟು ಹಳೆಯದೇ.

ಧ್ರುವ ಬೇರೆ ಪೀಳಿಗೆಯದು. 1992ರ ಆಗಸ್ಟ್ 20ರಂದು ಬೆಂಗಳೂರಿನಲ್ಲಿ ಮೊದಲು ಹಾರಿ, 2002ರಿಂದ ಸೇನಾಪಡೆಗಳ ಕೈಸೇರಿದ ಇದರ ತೂಕದ ಮಿತಿ ಐದೂವರೆ ಟನ್ ಆಸುಪಾಸು. ಚೀತಾದ್ದು ಎರಡು ಟನ್ನಿಗೂ ಕಡಿಮೆ. ಎರಡು ಎಂಜಿನ್, ನಾಲ್ಕು ಕಾಂಪೊಸಿಟ್ ಬ್ಲೇಡು, ಹನ್ನೆರಡು ಜನರಿಗೆ ಜಾಗ. ‘ಶಕ್ತಿ’ ಎಂಬ ಹೆಸರಿನ ಎಂಜಿನ್ ಕೂರಿಸಿದ ಮೇಲೆ ಎತ್ತರದಲ್ಲಿ ಅದಕ್ಕೆ ನಿಜವಾದ ಉಸಿರು ಬಂತು. ಯಲಹಂಕದ ಆಕಾಶದಲ್ಲಿ ವಾಯುಪಡೆಯ ಪ್ರದರ್ಶನ ತಂಡವಾದ ಸಾರಂಗ್‌ನ ನವಿಲುಬಣ್ಣದ ಧ್ರುವಗಳು ಒಂದನ್ನೊಂದು ಸವರಿಕೊಂಡು ಹೋಗುವಂತೆ ಹಾರುವುದನ್ನು ಕಂಡವರಿಗೆ ಅದರ ಹಿಂಜ್ (ಕೀಲು) ಇಲ್ಲದ ರೋಟರು ಎಷ್ಟು ಚುರುಕೆಂದು ಹೇಳಬೇಕಾಗಿಲ್ಲ.

ಫಿಟ್ಟರ್‌ನ ಕಡೆಯಿಂದ ನೋಡಿದರೆ ಧ್ರುವದ ಲಾಭನಷ್ಟಗಳು ತಲೆಕೆಳಗಾಗುತ್ತವೆ. ಎಂಜಿನ್ನುಗಳು ಮೇಲೆ, ಕವಚದ ಒಳಗೆ. ಅಲ್ಲಿಗೆ ಹತ್ತಬೇಕು, ಮಂಜುಗಟ್ಟಿದ ಕೊಂಡಿಗಳನ್ನು ಬಿಡಿಸಬೇಕು, ಒಳಗಿನ ಇಕ್ಕಟ್ಟಿನಲ್ಲಿ ಕಾಣದ ನಟ್ಟನ್ನು ಬೆರಳಿನಿಂದಲೇ ಗುರುತಿಸಬೇಕು. ಅದೇ ಲಾಕಿಂಗ್ ವೈರಿನ ಕೆಲಸಕ್ಕೆ ಇಲ್ಲಿ ನನಗೆ ಒಮ್ಮೆ ಮುಕ್ಕಾಲು ಗಂಟೆ ಹಿಡಿಯಿತು, ಅದೂ ಇಬ್ಬರು ಸೇರಿ. ಇನ್ನೊಂದು ಕಡೆ, ಎಂಜಿನ್ನಿನ ನಿಯಂತ್ರಣ ಕಂಪ್ಯೂಟರಿನ ಕೈಯಲ್ಲಿರುವುದರಿಂದ ತೊಂದರೆಯ ಮೂಲವನ್ನು ಯಂತ್ರವೇ ಬಹುಮಟ್ಟಿಗೆ ಹೇಳುತ್ತದೆ. ಚೀತಾದಲ್ಲಿ ಮೂಗು, ಕಿವಿ ಮತ್ತು ಹಿರಿಯ ವಾರಂಟ್ ಆಫೀಸರರ ಊಹೆಯೇ ಕಂಪ್ಯೂಟರು. ಗೇರ್‌ಬಾಕ್ಸಿನ ಕೆಳಗಿನ ಕಂಪನ ತಡೆಯುವ ವ್ಯವಸ್ಥೆಯಿಂದಾಗಿ ಒಳಗೆ ಕೂತವರ ಹಲ್ಲು ಕಟಕಟಿಸುವುದಿಲ್ಲ. ಒಟ್ಟಾರೆ ಕೈಗವಸಿನ ಅಳತೆಯಲ್ಲಿ ಧ್ರುವ ಸೋಲುತ್ತದೆ, ತಲೆಕೆರೆದುಕೊಳ್ಳುವ ಅಳತೆಯಲ್ಲಿ ಗೆಲ್ಲುತ್ತದೆ.

ಹಾಗಾದರೆ ಚೀತಾದ ಜಾಗಕ್ಕೆ ಧ್ರುವವನ್ನೇ ಇಟ್ಟರಾಗದೇ ಎಂದು ಕೇಳುವವರಿದ್ದಾರೆ. ತಳದ ಶಿಬಿರದವರೆಗೆ ಖಂಡಿತ ಆಗುತ್ತದೆ, ಆಗಿಯೂ ಇದೆ. ಮೇಲಿನ ಕೆಲವು ಹೆಲಿಪ್ಯಾಡ್‌ಗಳು ಮಾತ್ರ ನಮ್ಮೂರ ಕಣಕ್ಕಿಂತ ಚಿಕ್ಕವು, ಹಿಮ ತುಳಿದು ಗಟ್ಟಿ ಮಾಡಿದ ಒಂದು ಅಂಗಳ, ಮೂರು ಕಡೆ ಇಳಿಜಾರು. ಭಾರದ ಯಂತ್ರದ ರೋಟರು ಕೆಳಕ್ಕೆ ತಳ್ಳುವ ಗಾಳಿಯೂ ಭಾರಿ. ಎದ್ದ ಹಿಮಧೂಳಿನಲ್ಲಿ ಪೈಲಟ್‌ಗೆ ನೆಲ ಯಾವುದು, ಆಕಾಶ ಯಾವುದು ತಿಳಿಯದಂತಾಗುತ್ತದೆ. ಹನ್ನೊಂದು ಮೀಟರ್ ರೋಟರಿನ ಚೀತಾಕ್ಕೂ ಹದಿಮೂರು ಮೀಟರ್ ದಾಟುವ ಧ್ರುವಕ್ಕೂ ಇರುವ ಅಂತರ ಕಾಗದದ ಮೇಲೆ ಎರಡೇ ಮೀಟರ್, ಬಂಡೆಯ ಪಕ್ಕದಲ್ಲಿ ಅದು ಬಹಳ. ಆದ್ದರಿಂದ ನನ್ನ ತೀರ್ಮಾನ: ಕೊನೆಯ ಪೋಸ್ಟ್‌ಗೆ ಚೀತಾ ಅಥವಾ ಅದರ ಗಾತ್ರದ್ದೇ ಇನ್ನೊಂದು ಯಂತ್ರ, ಅದರಿಂದ ಕೆಳಗೆ ಎಲ್ಲಕ್ಕೂ ಧ್ರುವ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಕಾರ್ಖಾನೆ ಮೂರು ಟನ್ ವರ್ಗದ, ಒಂದೇ ಎಂಜಿನ್ನಿನ ಹಗುರ ಹೆಲಿಕಾಪ್ಟರಿಗೆಂದೇ ಮೊದಲು ಸಜ್ಜಾಗಿರುವುದನ್ನು ನೋಡಿದರೆ, ಈ ತೀರ್ಮಾನಕ್ಕೆ ಬಂದವನು ನಾನೊಬ್ಬನೇ ಅಲ್ಲ.

ಚೀತಾ, ಧ್ರುವ ಎರಡನ್ನೂ ಒಂದೇ ದಿನ ಪಕ್ಕಪಕ್ಕ ಕಂಡದ್ದು ಒಮ್ಮೆ ಮಾತ್ರ. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡ ಹುಡುಗನೊಬ್ಬನನ್ನು ಮೇಲಿನಿಂದ ಚೀತಾ ಇಳಿಸಿ ತಂದಿತು. ಮಂಡಿ ಎದೆಗೆ ತಾಗುವಂತೆ ಮುದುಡಿ ಕೂತಿದ್ದ ಅವನ ತುಟಿ ನೀಲಿಯಾಗಿತ್ತು. ಇಪ್ಪತ್ತು ಹೆಜ್ಜೆ ಆಚೆ ರೋಟರ್ ತಿರುಗಿಸುತ್ತ ನಿಂತಿದ್ದ ಧ್ರುವದೊಳಗೆ ಸ್ಟ್ರೆಚರ್ ಹಾಸಿತ್ತು, ಆಮ್ಲಜನಕದ ಸಿಲಿಂಡರಿನ ಜೊತೆ ವೈದ್ಯಕೀಯ ಸಹಾಯಕ ಕಾದಿದ್ದ. ನಾವು ನಾಲ್ವರು ಅವನನ್ನು ಎತ್ತಿ ಆ ಇಪ್ಪತ್ತು ಹೆಜ್ಜೆ ಓಡಿದೆವು. ಧ್ರುವ ಲೇಹ್ ಕಡೆಗೆ ತಿರುಗಿದ ಮೇಲೆ, ಚೀತಾದ ಪೈಲಟ್ ಗಾಜಿನ ಹಿಂದಿನಿಂದ ಹೆಬ್ಬೆರಳೆತ್ತಿ, ಎರಡು ಜೆರಿಕ್ಯಾನ್ ಹಾಕಿಸಿಕೊಂಡು ಮತ್ತೆ ಮೇಲಕ್ಕೆ ಹೋದರು.